ಸಾರಿಸಿದ ಕೋರ್ಟಿನಲ್ಲಿ ಅಕ್ಕ ಆಡಿದ ಫೈನಲ್

1945ರ ಜನವರಿಯ ಎರಡನೆಯ ಶುಕ್ರವಾರ, ಸಂಜೆ ನಾಲ್ಕು ಗಂಟೆಗೆ, ಆಳಂದದ ಅಧಿಕಾರಿಗಳ ಕ್ಲಬ್ಬಿನ ಕೋರ್ಟಿನಲ್ಲಿ ನನ್ನ ಅಕ್ಕ ತನ್ನ ಕಾಲೇಜಿನ ಟೆನಿಸ್ ಪಂದ್ಯಾವಳಿಯ ಫೈನಲ್ ಆಡಿದಳು. ಅವಳಿಗೆ ಆಗ ಹತ್ತೊಂಬತ್ತು ವರ್ಷ. ಹೈದರಾಬಾದಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಂಟರ್ ಎರಡನೆಯ ವರ್ಷದಲ್ಲಿ ಓದುತ್ತಿದ್ದಳು. ನನಗೆ ಹದಿನಾರು. ಪಂದ್ಯದ ಅಂಕಗಳನ್ನು ಕೂಗಿ ಹೇಳುವ ಕೆಲಸ ನನ್ನದಾಗಿತ್ತು.

ಹೈದರಾಬಾದಿನ ಕಾಲೇಜಿನ ಫೈನಲ್ ಆಳಂದದಲ್ಲಿ ನಡೆಯಲು ಕಾರಣ ಯುದ್ಧ. ಕಾಲೇಜಿನ ಮೈದಾನದಲ್ಲಿ ಆ ವರ್ಷ ಸೈನಿಕರ ಡೇರೆಗಳು ಎದ್ದಿದ್ದವು. ಉಳಿದ ಪಂದ್ಯಗಳನ್ನು ಬೇರೆಯವರ ಕೋರ್ಟು ಕೇಳಿ ಪಡೆದು ಹೇಗೋ ಮುಗಿಸಿದ್ದರು. ಫೈನಲ್ ಬಾಕಿ ಇರುವಾಗಲೇ ರಜೆ ಬಂತು. ಉಳಿದ ಇಬ್ಬರೂ ಒಂದೇ ಜಿಲ್ಲೆಯವರು: ಜೇವರ್ಗಿಯ ಸರಕಾರಿ ದವಾಖಾನೆಯ ಕಂಪೌಂಡರರ ಮಗಳಾದ ನನ್ನ ಅಕ್ಕ, ಮತ್ತು ಆಳಂದದ ಕಂದಾಯ ಅಧಿಕಾರಿಯೊಬ್ಬರ ಮಗಳು. ರಜೆಯಲ್ಲೇ ಆಳಂದದಲ್ಲಿ ಆಡಿಸಿಬಿಡೋಣ, ನಾನೇ ಬಂದು ನಿಂತು ನೋಡುತ್ತೇನೆ ಎಂದು ಕಾಲೇಜಿನ ಆಟಗಳ ಮೇಲ್ವಿಚಾರಕಿ ಪತ್ರ ಬರೆದರು.

ಗೆದ್ದವಳಿಗೆ ಬಹುಮಾನದ ಕಪ್ಪು ಸಿಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಬಿ.ಎ. ಮುಗಿಯುವ ತನಕ ಹಾಸ್ಟೆಲಿನಲ್ಲಿ ಊಟ ವಸತಿ ಉಚಿತವಾದ ಒಂದು ಸೀಟು ಸಿಗುತ್ತಿತ್ತು. ಆ ಸೀಟು ಇಲ್ಲದಿದ್ದರೆ ಅಕ್ಕನ ಓದು ಇಂಟರಿಗೆ ನಿಲ್ಲುತ್ತಿತ್ತು. ನೆಲೋಗಿಯಿಂದ ಒಂದು ಸಂಬಂಧ ಕೇಳಿ ಬಂದು ನಾಲ್ಕು ತಿಂಗಳಾಗಿತ್ತು. ಹುಡುಗನ ಮನೆಯವರು ಒಳ್ಳೆಯವರು, ಹೊಲ ಇದ್ದವರು. ಅಪ್ಪ ಹಟಮಾರಿಯಲ್ಲ. ಅಕ್ಕನನ್ನು ಎದುರು ಕೂರಿಸಿಕೊಂಡು ಅವರು ಹೇಳಿದ ಮಾತು ನನಗೆ ಹಾಗೆಯೇ ನೆನಪಿದೆ.

"ನೋಡವ್ವ, ಸೀಟು ಸಿಕ್ಕರ ಓದು, ನಾ ಬ್ಯಾಡ ಅನ್ನಂಗಿಲ್ಲ. ಸಿಗಲಿಲ್ಲಂದ್ರ ನೆಲೋಗಿಯವರಿಗೆ ಹೂಂ ಅಂತ ಕಾಗದ ಬರೀತೇನಿ. ಆವಾಗ ನೀ ಅಳಬಾರದು."

"ಅಳಂಗಿಲ್ಲ" ಎಂದಳು ಅಕ್ಕ.

ಪಕ್ಕದಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದ ನಮ್ಮ ಅಜ್ಜಿ ತಲೆ ಎತ್ತದೆ ಹೇಳಿದಳು: "ಬ್ಯಾಟ್ ಹಿಡದು ಹಿಡದು ಅಂಗೈ ಚಪ್ಪಲಿ ಆದಂಗ ಆಗ್ಯಾದ. ಇಂಥಾ ಕೈಗೆ ಬಳಿ ಇಡಸೂ ಬಳಿಗಾರ ಎಲ್ಲಿ ಸಿಗ್ತಾನ ಅದನ್ನ ಮೊದಲ ನೋಡ್ರಿ."

ಅಕ್ಕ ಟೆನಿಸ್ ಕಲಿತದ್ದು ಅದೇ ಆಳಂದದಲ್ಲಿ, ಅದೇ ಕೋರ್ಟಿನಲ್ಲಿ. 1936ರಲ್ಲಿ ಅಪ್ಪ ಆಳಂದದ ದವಾಖಾನೆಯಲ್ಲಿದ್ದರು. ಡಾಕ್ಟರ ಸಾಹೇಬರು, ತಹಶೀಲ್ದಾರರು, ಮುನಸೀಫರು ಈ ಮೂವರು ದಿನವೂ ಸಂಜೆ ಆಡುತ್ತಿದ್ದರು. ನಾಲ್ಕನೆಯವರು ಬೇಕೆಂದು ಡಾಕ್ಟರರು ಅಪ್ಪನಿಗೆ ಹಳೆಯ ಬ್ಯಾಟೊಂದನ್ನು ಕೊಟ್ಟು ಕೋರ್ಟಿಗಿಳಿಸಿದ್ದರು. ಒಂದು ಸಂಜೆ ಅಪ್ಪನಿಗೆ ಜ್ವರ ಬಂತು. ಬ್ಯಾಟು ವಾಪಸು ಕೊಟ್ಟು ಸುದ್ದಿ ಹೇಳಿ ಬಾ ಎಂದು ಅಕ್ಕನನ್ನು ಕಳಿಸಿದರು. ಜೊತೆಗೆ ನಾನೂ ಹೋಗಿದ್ದೆ.

ಡಾಕ್ಟರರು ಸುದ್ದಿ ಕೇಳಿ ಅಕ್ಕನನ್ನು ಮೇಲಿಂದ ಕೆಳಗೆ ನೋಡಿದರು. "ಅರೆ ಬೇಟಿ, ನೀನರ ನಿಂದ್ರು ಅಲ್ಲಿ. ಚೆಂಡು ಬಂದ್ರ ಹೊಡಿ, ಬರಲಿಲ್ಲಂದ್ರ ಬಿಡು" ಎಂದರು.

ಹತ್ತು ವರ್ಷದ ಹುಡುಗಿ, ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು. ಮೊದಲ ಎರಡು ಚೆಂಡು ಹಾದು ಹೋದವು. ಮೂರನೆಯದನ್ನು ಹೊಡೆದಳು. ನಾಲ್ಕನೆಯದು ತಹಶೀಲ್ದಾರರ ಬಲಗಡೆ ಬಿತ್ತು, ಅವರಿಗೆ ಸಿಗಲಿಲ್ಲ. ಮುನಸೀಫರು ಜೋರಾಗಿ ನಕ್ಕು, "ಇಕಿ ಕಂಪೌಂಡರಗಿಂತ ಛಲೋ ಆಡ್ತಾಳಲ್ರೀ" ಎಂದರು. ಅಪ್ಪನಿಗೆ ಜ್ವರ ಬಿಟ್ಟ ಮೇಲೂ ಅವರ ಜಾಗ ಅವರಿಗೆ ಪೂರ್ತಿ ಸಿಗಲಿಲ್ಲ. ಒಂದು ದಿನ ಅಪ್ಪ, ಒಂದು ದಿನ ಅಕ್ಕ. ಅಪ್ಪ ಇದನ್ನು ಮನೆಗೆ ಬಂದವರಿಗೆಲ್ಲ ದೂರಿನ ಧಾಟಿಯಲ್ಲಿ ಹೇಳಿ ಖುಷಿಪಡುತ್ತಿದ್ದರು.

ಆ ಕೋರ್ಟನ್ನು ನೋಡಿಕೊಳ್ಳುತ್ತಿದ್ದವಳು ಒಬ್ಬ ಮುದುಕಿ. ನಾವು ಅವಳನ್ನು ಆಯಿ ಎಂದು ಕರೆಯುತ್ತಿದ್ದೆವು. ಊರ ಹೊರಗಿನ ಕೇರಿಯವಳು. ನಮ್ಮ ಸೀಮೆಯ ಎರೆ ಮಣ್ಣು ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಚೆಂಡು ಪುಟಿಯುವುದಿಲ್ಲ. ಅದಕ್ಕೆ ಗರಸು ಮಣ್ಣು ಹಾಸಿ, ಕಲ್ಲಿನ ಗುಂಡು ಎಳೆದು, ಮೇಲೆ ಸಗಣಿ ನೀರಿನಲ್ಲಿ ಸಾರಿಸಿ ಕೋರ್ಟು ಮಾಡುತ್ತಿದ್ದರು. ಶುಕ್ರವಾರ ಕಚೇರಿಗಳಿಗೆ ರಜೆ, ಆಟ ಹೆಚ್ಚು. ಆದ್ದರಿಂದ ಪ್ರತಿ ಗುರುವಾರ ಆಯಿ ಬಂದು ಸಾರಿಸುತ್ತಿದ್ದಳು. ಶುಕ್ರವಾರ ಬೆಳಿಗ್ಗೆ ಚಪರಾಸಿ ಸುಣ್ಣದ ಗೆರೆ ಎಳೆಯುತ್ತಿದ್ದ. ಗೆರೆ ಎಳೆದ ಮೇಲೆ ಆಯಿ ಕೋರ್ಟಿನೊಳಗೆ ಕಾಲಿಡುವಂತಿರಲಿಲ್ಲ. ಯಾರೂ ಇದನ್ನು ಬರೆದಿಟ್ಟಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಆಕೆ ಬೇವಿನ ಮರದ ಕೆಳಗೆ ಕುಳಿತು, ತಾನು ಸಾರಿಸಿದ ನೆಲದ ಮೇಲೆ ಬೂಟುಗಳು ಓಡಾಡುವುದನ್ನು ನೋಡುತ್ತಿದ್ದಳು. ಅಕ್ಕ ಒಳ್ಳೆಯ ಹೊಡೆತ ಹೊಡೆದರೆ ಅಲ್ಲಿಂದಲೇ ಕೂಗುತ್ತಿದ್ದಳು: "ಬಾರಸು ಬೇ ನನ ಮಗಳ, ಬಾರಸು!"

1938ರಲ್ಲಿ ಅಪ್ಪನಿಗೆ ಅಫಜಲಪುರಕ್ಕೆ ವರ್ಗವಾಯಿತು. ಅಲ್ಲಿ ಆಗ ಕೋರ್ಟು ಇರಲಿಲ್ಲ. ನಾವು ಆಳಂದ ಬಿಡುವಾಗ ಡಾಕ್ಟರರು ಅಕ್ಕನಿಗೇ ಕೊಟ್ಟಿದ್ದ ಬ್ಯಾಟು ಹಿಡಿದು, ಅವಳು ದವಾಖಾನೆಯ ಹಿಂದಿನ ಗೋಡೆಗೆ ಚೆಂಡು ಹೊಡೆಯುತ್ತಿದ್ದಳು. ಗೋಡೆಯ ಆಚೆ ರೋಗಿಗಳು ಕೂರುವ ಜಾಗ. ಒಂದು ದಿನ ಮುದುಕರೊಬ್ಬರು ರುಮಾಲು ಕೈಯಲ್ಲಿ ಹಿಡಿದುಕೊಂಡು ಸುತ್ತಿ ಬಂದರು.

"ಯವ್ವಾ, ತಲಿನೋವಂತ ಹರದಾರಿ ನಡದು ಬಂದೀನಿ. ನೀ ನೋಡಿದ್ರ ಗ್ವಾಡಿ ಗುದ್ದಾಕತ್ತೀ. ಮದ್ದು ಕುಡೀಲ್ಯಾ, ಗುದ್ದು ಎಣಸಲ್ಯಾ?"

"ಎಷ್ಟ ಆದ್ವು ಅಜ್ಜಾ?"

"ನೂರಾ ಹನ್ನೊಂದು" ಎಂದರು ಅವರು, ಕೋಪದಲ್ಲೇ.

ಅಫಜಲಪುರದಲ್ಲಿ ನಮಗೆ ಆದ ಉಪಕಾರವೊಂದನ್ನು ದಾಖಲಿಸಬೇಕು. ಮಣ್ಣೂರಿನ ರೈತರೊಬ್ಬರ ಮಗನ ಕಾಲಿನ ಗಾಯಕ್ಕೆ ಅಪ್ಪ ಹದಿನೈದು ದಿನ ಪಟ್ಟಿ ಕಟ್ಟಿದ್ದರು. ಆ ರೈತರು ಗೋಡೆಗೆ ಚೆಂಡು ಹೊಡೆಯುವ ಹುಡುಗಿಯನ್ನು ಕಂಡು, ಇದಕ್ಕೆ ಎಂಥ ನೆಲ ಬೇಕು ಎಂದು ವಿಚಾರಿಸಿದರು. ಮುಂದಿನ ವಾರ ಭೀಮಾ ದಂಡೆಯ ಮೆಕ್ಕಲು ಮಣ್ಣು ಎರಡು ಬಂಡಿ ಬಂತು. ದವಾಖಾನೆಯ ಹಿತ್ತಲಲ್ಲಿ ಅರ್ಧ ಕೋರ್ಟಿನಷ್ಟು ಜಾಗ ಸಿದ್ಧವಾಯಿತು. ನಡುವೆ ಬಲೆಯ ಬದಲು ಅಜ್ಜಿಯ ಹಳೆಯ ಸೀರೆ ಕಟ್ಟಿದೆವು. ಎದುರು ನಿಲ್ಲುವವಳು ನಾನು. ನಾನು ಎಂದೂ ಚೆನ್ನಾಗಿ ಆಡಲಿಲ್ಲ. ಆದರೆ ಎರಡು ವರ್ಷ ದಿನವೂ ಎದುರು ನಿಂತದ್ದರಿಂದ, ಅಕ್ಕ ಚೆಂಡನ್ನು ಎಲ್ಲಿಗೆ ಕಳಿಸುತ್ತಾಳೆ ಎಂಬುದು ಅವಳ ಭುಜ ನೋಡಿ ನನಗೆ ತಿಳಿಯುತ್ತಿತ್ತು.

ಆಮೇಲೆ ಜೇವರ್ಗಿ. ಅಕ್ಕ ಕಲಬುರ್ಗಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಮೆಟ್ರಿಕ್ ಮುಗಿಸಿದಳು. 1943ರಲ್ಲಿ ಹೈದರಾಬಾದಿನ ಕಾಲೇಜು ಸೇರಿದಳು. ಮೊದಲ ವರ್ಷವೇ ಫೈನಲ್ ತಲುಪಿ, ಆಳಂದದ ಅಧಿಕಾರಿಯ ಮಗಳ ಎದುರು ನೇರ ಎರಡು ಸೆಟ್ಟಿನಲ್ಲಿ ಸೋತಳು. ಆ ಪತ್ರದಲ್ಲಿ ಅವಳು ಬರೆದದ್ದು ಎರಡೇ ಸಾಲು: ಎದುರಿನವಳು ಚೆನ್ನಾಗಿ ಆಡಿದಳು, ನನ್ನ ಎಡಗೈ ಕಡೆಯ ಹೊಡೆತ ಕೆಟ್ಟದಾಗಿದೆ. ಆ ಬೇಸಿಗೆ ರಜೆಯಲ್ಲಿ ಜೇವರ್ಗಿಯಲ್ಲಿ ಅವಳು ಎಡಗಡೆಗೆ ಬಿದ್ದ ಚೆಂಡನ್ನು ಮಾತ್ರ ಹೊಡೆದಳು. ಬಲಗಡೆಗೆ ಹಾಕಿದರೆ ಆಡದೆ ನಿಂತು ನನ್ನನ್ನು ನೋಡುತ್ತಿದ್ದಳು.

ಫೈನಲ್ ಇದ್ದ ವಾರ, ಬುಧವಾರ ಬೆಳಿಗ್ಗೆ ಅಪ್ಪ, ಅಕ್ಕ, ನಾನು ಮೂವರೂ ಜೇವರ್ಗಿಯಿಂದ ಹೊರಟೆವು. ಪೆಟ್ರೋಲ್ ಸಿಗದ ಕಾಲ. ಬಸ್ಸು ಇದ್ದಿಲಿನ ಹೊಗೆಯಿಂದ ಓಡುತ್ತಿತ್ತು. ಏರು ಬಂದಲ್ಲಿ ಎಲ್ಲರೂ ಇಳಿದು ನಡೆದೆವು. ಕಲಬುರ್ಗಿಯಲ್ಲಿ ಬಸ್ಸು ಬದಲಿಸಿ ಆಳಂದ ಸೇರುವಷ್ಟರಲ್ಲಿ ಆಕಾಶ ಕಪ್ಪಾಗಿತ್ತು. ಜನವರಿಯಲ್ಲಿ ಬರಬಾರದ ಮಳೆ ಆ ಸಂಜೆ ಒಂದು ತಾಸು ಹೊಡೆಯಿತು.

ಗುರುವಾರ ಬೆಳಿಗ್ಗೆ ಕೋರ್ಟು ನೋಡಲು ಹೋದೆವು. ಮೇಲಿನ ಸಾರಣೆ ಕಿತ್ತುಹೋಗಿ ಗರಸು ಕಾಣುತ್ತಿತ್ತು. ಚಪರಾಸಿ ತಲೆ ಕೆರೆದುಕೊಳ್ಳುತ್ತ ನಿಂತಿದ್ದ.

"ಆಯಿಗೆ ಚಳಿಜ್ವರ ರೀ. ನಾಕು ದಿನ ಆತು, ಎದ್ದಿಲ್ಲ. ಇನ್ನ ಸಾರಸೂದು ಯಾರು?"

ಉತ್ತರ ಕೊಟ್ಟವಳು ನಾನು. "ಸಾರಸೂದು ನಮಗ ಬರಂಗಿಲ್ಲೇನು? ದಿನಾ ಮನಿ ಸಾರಸೂದಿಲ್ಲೇನು?"

ಅಕ್ಕನನ್ನು ಅಪ್ಪ ಕೈ ನೋಯಿಸಿಕೊಳ್ಳಬೇಡ ಎಂದು ನಾವು ಇಳಿದುಕೊಂಡಿದ್ದ ಹಳೆಯ ನೆರೆಯವರ ಮನೆಗೆ ಕರೆದುಕೊಂಡು ಹೋದರು. ಕ್ಲಬ್ಬಿಗೆ ನೀರು ಹೊರುವ ಇಬ್ಬರು ಹೆಂಗಸರು ನನ್ನ ಜೊತೆಗೆ ನಿಂತರು. ಮೂವರೂ ಹತ್ತು ಗಂಟೆಗೆ ಕುಳಿತವರು, ಮಧ್ಯಾಹ್ನ ಮೂರಕ್ಕೆ ಎದ್ದೆವು. ಮನೆಯ ಅಂಗಳ ಸಾರಿಸುವ ಹಾಗೆಯೇ ಸಾರಿಸಿದೆವು: ಕುಕ್ಕರಗಾಲಲ್ಲಿ ಕೂತು, ಅಂಗೈ ಅಗಲಿಸಿ, ಕೈ ಎಟಕುವಷ್ಟು ದೂರ ಅರ್ಧ ಸುತ್ತು, ಅದರ ಪಕ್ಕಕ್ಕೆ ಇನ್ನೊಂದು ಅರ್ಧ ಸುತ್ತು. ಬೆರಳಿನ ಗುರುತು ಸಾಲಾಗಿ ಮೂಡಿ ಕೋರ್ಟು ತುಂಬ ನವಿಲುಗರಿ ಹರಡಿದಂತೆ ಕಾಣುತ್ತಿತ್ತು. ಚಪರಾಸಿ ನೋಡಿ, "ಶಾದಿ ಮನಿ ಆದಂಗ ಆತಲ್ರಿ ತಂಗಿ" ಎಂದ. ನನಗೆ ಬಹಳ ಹೆಮ್ಮೆಯಾಯಿತು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಮೇಲ್ವಿಚಾರಕಿ ಬಂದರು. ಅಷ್ಟರಲ್ಲಿ ಕೋರ್ಟಿನ ನಾಲ್ಕೂ ಕಡೆ ಕನಾತು, ಅಂದರೆ ಎತ್ತರದ ಬಟ್ಟೆಯ ಪರದೆ ಎದ್ದಿತ್ತು. ಎದುರಾಳಿಯ ಮನೆಯಲ್ಲಿ ಪರದೆ ಪಾಲಿಸುತ್ತಿದ್ದರು. ಹೈದರಾಬಾದಿನಲ್ಲಿ ಕಾಲೇಜಿನ ಗೋಡೆಯೊಳಗೆ ಆಡುವುದು ಬೇರೆ, ಸ್ವಂತ ಊರಿನಲ್ಲಿ ಆಡುವುದು ಬೇರೆ. ಆದ್ದರಿಂದ ಒಳಗೆ ಹೆಂಗಸರು ಮಾತ್ರ. ಗಂಡಸರೆಲ್ಲ ಹೊರಗೆ, ನಮ್ಮ ಅಪ್ಪನೂ ಹೊರಗೆ. ಚಪರಾಸಿ ನಸುಕಿನಲ್ಲೇ ಗೆರೆ ಎಳೆದು ಆಚೆ ಹೋಗಿ ನಿಂತಿದ್ದ.

ಮೇಲ್ವಿಚಾರಕಿ ಎತ್ತರದ ಹೆಂಗಸು, ಉರ್ದುವಿನಲ್ಲಿ ಕಡಿಮೆ ಮಾತಾಡುವವರು. ಒಂದು ಚೆಂಡನ್ನು ಭುಜದ ಎತ್ತರದಿಂದ ಕೆಳಗೆ ಬಿಟ್ಟರು. ಅದು ನೇರ ಮೇಲೆ ಬರದೆ ಪಕ್ಕಕ್ಕೆ ಹೋಯಿತು. ಎರಡು ಹೆಜ್ಜೆ ಸರಿದು ಮತ್ತೆ ಬಿಟ್ಟರು. ಈ ಸಲ ಇನ್ನೊಂದು ಪಕ್ಕಕ್ಕೆ ಹೋಯಿತು. ಹತ್ತು ಕಡೆ ಬಿಟ್ಟು ನೋಡಿದರು. ಬಗ್ಗಿ, ಒಣಗಿದ ಸಾರಣೆಯಲ್ಲಿ ನಮ್ಮ ಬೆರಳುಗಳು ಎಬ್ಬಿಸಿದ್ದ ಏಣುಗಳ, ಆ ಉಬ್ಬುಗೆರೆಗಳ ಮೇಲೆ ಬೆರಳಾಡಿಸಿದರು.

"ಯಾರು ಮಾಡಿದ್ದು?" ಎಂದು ಕೇಳಿದರು.

ನಾನು ಎಂದೆ. ಆಟಗಾರ್ತಿಯ ತಂಗಿ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಅವರು ಹೇಳಿದ್ದು ನಿಯಮ ಮಾತ್ರ: ಇಂಥ ನೆಲದ ಮೇಲೆ ಫೈನಲ್ ಆಡಿಸಲು ಬರುವುದಿಲ್ಲ, ನಾಳೆ ನಸುಕಿನ ಬಸ್ಸಿಗೆ ತಾವು ಹೊರಡಲೇಬೇಕು, ಇವತ್ತು ಪಂದ್ಯ ನಡೆಯದಿದ್ದರೆ ಕಪ್ಪು ಮತ್ತು ಸೀಟು ಎರಡೂ ಹೋದ ವರ್ಷ ಗೆದ್ದವಳಿಗೆ.

ಹೋದ ವರ್ಷ ಗೆದ್ದವಳು ಅಲ್ಲೇ ನಿಂತಿದ್ದಳು, ಬಿಳಿ ಸಲ್ವಾರ್ ತೊಟ್ಟು, ಎರಡು ಬ್ಯಾಟು ಬಗಲಲ್ಲಿ ಹಿಡಿದು. ಆಕೆ ಸುಮ್ಮನಿದ್ದರೆ ಸಾಕಿತ್ತು. ನಾನು ಅಕ್ಕನ ಮುಖ ನೋಡಲಾಗದೆ ನೆಲ ನೋಡಿದೆ. ಅಕ್ಕ ನನಗೆ ಒಂದು ಮಾತೂ ಬೈಯಲಿಲ್ಲ, ಅವತ್ತೂ ಇಲ್ಲ, ಆಮೇಲೂ ಇಲ್ಲ.

"ನಮ್ಮ ಕೈಯಾಗ ಎಷ್ಟು ತಾಸು ಅದಾವ?" ಎಂದಳು.

"ಎಂಟು" ಎಂದೆ.

"ಹೋಗಿ ಆಯಿನ ಕೇಳಿ ಬಾ, ಏನ್ ಮಾಡಬೇಕಂತ. ಓಡು."

ಓಡಿದೆ. ಆಯಿ ಗುಡಿಸಲಿನಲ್ಲಿ ಕಂಬಳಿ ಹೊದ್ದು ಗೋಡೆಗೆ ಒರಗಿ ಕೂತಿದ್ದಳು. ಜ್ವರ ಇಳಿದಿತ್ತು, ನಡುಕ ಇತ್ತು. ನಾನು ಹೇಳಿದ್ದನ್ನು ಕೇಳಿ ಮೊದಲು ಕೆಮ್ಮಿದಳು, ಆಮೇಲೆ ನಕ್ಕಳು.

"ಅಯ್ಯ ನನ ಮಗಳ! ಕೈಲೆ ಸಾರಿಸಿದಿ? ಅದೇನು ನಿಮ್ಮ ಅಡಗಿ ಮನೀನಾ? ಕೈ ಸುತ್ತಿದಲ್ಲಿ ಏಣು ಏಳ್ತಾವ. ಮನ್ಯಾಗ ಏಣು ಇದ್ರ ಯಾರಿಗೇನು, ರೊಟ್ಟಿ ಉಳ್ಳಿ ಬೀಳಂಗಿಲ್ಲ. ಚೆಂಡಿಗೆ ಏಣು ನಡೀತದೇನು? ಗೋಣಿತಟ್ಟು ತೋಯಿಸಿ, ಇಬ್ಬರು ಹಿಡದು, ಆ ತುದಿಗಿಂದ ಈ ತುದಿಗೆ ಒಂದ ಸವನೆ ಎಳೀಬೇಕು. ತಿರುವಬಾರದು, ನಿಲ್ಲಬಾರದು. ನೀ ಎಷ್ಟು ಸಲ ನೋಡಿಲ್ಲ ಅದನ್ನ?"

ನೋಡಿದ್ದೆ. ಎರಡು ವರ್ಷ ಪ್ರತಿ ಗುರುವಾರ ಬೇವಿನ ಮರದ ಕೆಳಗೆ ಕೂತು ನೋಡಿದ್ದೆ. ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಮುಂದೆ ಪತ್ರಿಕೆಯ ಕೆಲಸದಲ್ಲಿ ಹೊಸಬರಿಗೆ ನಾನು ಹೇಳುತ್ತಿದ್ದ ಎಷ್ಟೋ ಮಾತುಗಳು ಆ ಬೆಳಿಗ್ಗೆಯಿಂದ ಬಂದವು.

"ನಾ ಬರ್ತೇನಿ ನಡಿ" ಎಂದು ಆಯಿ ಎದ್ದಳು. "ನೀವ ಮಾಡಿದ್ರ ಇನ್ನೊಂದು ಏನರ ಮಾಡಿ ಇಡ್ತೀರಿ."

ಕೋಲು ಊರಿಕೊಂಡು, ನಡುವೆ ಎರಡು ಕಡೆ ಕೂತು, ಒಂಬತ್ತರ ಹೊತ್ತಿಗೆ ಬಂದಳು. ಕನಾತಿನೊಳಗೆ ಬಂದವಳು ಕೋರ್ಟಿನ ಅಂಚಿನಲ್ಲಿ ನಿಂತುಬಿಟ್ಟಳು. ಮುಂದೆ ಸುಣ್ಣದ ಗೆರೆ.

ಬಟ್ಟೆಯ ಆಚೆಯಿಂದ ಚಪರಾಸಿಯ ಧ್ವನಿ ಬಂತು. "ಆಯಿ, ಗೆರಿ ಎಳದಾಗ್ಯಾದ ನೋಡು. ಅಲ್ಲೇ ನಿಂತು ಹೇಳು, ಒಳಗ ಹೋಗಬ್ಯಾಡ."

"ಗೊತ್ತದ ತಮ್ಮಾ, ನನಗ ಹೇಳಿ ಕೊಡಬ್ಯಾಡ" ಎಂದಳು ಆಯಿ.

ಅಕ್ಕ ಆಯಿಯ ಮುಂದೆ ಬಂದು ನಿಂತಳು. ಅಜ್ಜಿಯ ಕಚ್ಚೆ ಸೀರೆ ಉಟ್ಟಿದ್ದಳು, ಬರಿಗಾಲಲ್ಲಿದ್ದಳು. ಬಲಗಾಲಿನಿಂದ ಗೆರೆಯನ್ನು ಒರೆಸಿದಳು. ಒಂದು ಮೊಳ ಒರೆಸಿ, ಮತ್ತೆ ಒಂದು ಮೊಳ, ಹಾಗೆಯೇ ಆ ತುದಿಯವರೆಗೆ ನಡೆಯುತ್ತ ಹೋದಳು. ಎದುರಾಳಿ ಸ್ವಲ್ಪ ಹೊತ್ತು ನೋಡಿದಳು. ಬ್ಯಾಟುಗಳನ್ನು ಕುರ್ಚಿಯ ಮೇಲಿಟ್ಟು, ಬೂಟು ಬಿಚ್ಚಿ, ಅವಳೂ ನಡುವಿನ ಗೆರೆಯನ್ನು ಕಾಲಿನಿಂದ ಉಜ್ಜತೊಡಗಿದಳು.

"ಈಗ ಗೆರಿ ಇಲ್ಲ" ಎಂದಳು ಅಕ್ಕ. "ಬಾ ಆಯಿ."

ಮೇಲ್ವಿಚಾರಕಿ ಛತ್ರಿ ಬಿಚ್ಚಿಕೊಂಡು ಕುರ್ಚಿಯಲ್ಲಿ ಕೂತರು.

ಅಕ್ಕ ಎದುರಾಳಿಯನ್ನು ಕೇಳಿದಳು: "ಆಡದ ಇದ್ರ ಕಪ್ಪು ನಿಂದ ಅಲ್ಲೇನು? ಯಾಕ ಕೈ ಹಚ್ಚಾಕತ್ತಿ?"

"ಕೋರ್ಟ್ ಇರಲಿಲ್ಲ, ಅದಕ್ಕ ಗೆದ್ದೆ ಅಂದ್ರ ನಮ್ಮ ಅಣ್ಣಂದಿರು ಜಿಂದಗಿ ತುಂಬ ನಗ್ತಾರ" ಎಂದಳು ಆಕೆ. "ನಾ ಏನೂ ಬಿಟ್ಟು ಕೊಡಾಕತ್ತಿಲ್ಲ ನೋಡು. ಆಡಿ ತಗೋ."

ಎರಡು ಗೋಣಿ ಹರಿದು ಉದ್ದಕ್ಕೆ ಹೊಲಿದೆವು. ನೀರು ಹೊರುವವರು ಕೊಡ ಕೊಡ ತಂದು ನೆಲ ನೆನೆಸಿದರು. ತಟ್ಟಿನ ಒಂದು ತುದಿ ಅಕ್ಕನ ಕೈಯಲ್ಲಿ, ಇನ್ನೊಂದು ಎದುರಾಳಿಯ ಕೈಯಲ್ಲಿ. ಆಯಿ ಕೋರ್ಟಿನ ನಟ್ಟನಡುವೆ ಕೋಲು ಹಿಡಿದು ನಿಂತು ಹುಕುಂ ಮಾಡಿದಳು.

"ಏ ದೊಡ್ಡ ಮನಿ ಬೇಟಿ, ಹಿಂದ ಬೀಳಬ್ಯಾಡ! ಮೆರವಣಿಗಿ ಅಲ್ಲ ಇದು. ಏ ಕಂಪೌಂಡರನ ಮಗಳ, ನೀ ಯಾಕ ಓಡ್ತಿ? ಗಾಡಿ ತಪ್ಪತದೇನು ನಿಂದು? ಇಬ್ಬರೂ ಸರೀ ನಡೀರಿ!"

ಮೊದಲ ಎಳೆತಕ್ಕೆ ಏಣುಗಳು ಮೆತ್ತಗಾದವು. ಎರಡನೆಯದಕ್ಕೆ ಕೂತವು. ಆಮೇಲೆ ಜರಡಿ ಹಿಡಿದ ಮಣ್ಣು ಉದುರಿಸಿ, ತೆಳ್ಳಗೆ ಸಗಣಿ ನೀರು ಹಾಕಿ, ಮತ್ತೆ ಎಳೆಸಿದಳು. ಹನ್ನೊಂದೂವರೆಗೆ ಮುಗಿಯಿತು. ಇಬ್ಬರು ಫೈನಲಿಸ್ಟರೂ ಮೊಣಕಾಲವರೆಗೆ ಸಗಣಿಯಲ್ಲಿದ್ದರು. ಮಧ್ಯಾಹ್ನದ ಬಿಸಿಲು ಚೆನ್ನಾಗಿ ಬಿತ್ತು. ಮೂರೂವರೆಗೆ ಮೇಲ್ವಿಚಾರಕಿ ಮತ್ತೆ ಚೆಂಡು ಬಿಟ್ಟು ನೋಡಿದರು. ಚೆಂಡು ನೇರ ಎದ್ದು ಅವರ ಕೈಗೆ ಬಂತು. ತಲೆಯಾಡಿಸಿದರು. ಆಗಲೇ ಹೆಂಗಸರು ಬಂದು ಕೂತಿದ್ದರಿಂದ ಚಪರಾಸಿ ಒಳಗೆ ಬರುವಂತಿರಲಿಲ್ಲ. ಗೆರೆಗಳನ್ನು ಆಟಗಾರ್ತಿಯರೇ ಎಳೆದರು. ಆಯಿ ಹೊರಗೆ ಹೋಗಲಿಲ್ಲ. ನನ್ನ ಪಕ್ಕದಲ್ಲಿ, ಕೋರ್ಟಿನ ಒಳ ಅಂಚಿನಲ್ಲಿ, ಕಂಬಳಿ ಹೊದ್ದು ಕೂತಳು. ಹೆಂಗಸರಲ್ಲಿ ಕೆಲವರು ನೋಡಿದರು. ಯಾರೂ ಏಳು ಎನ್ನಲಿಲ್ಲ.

ಪಂದ್ಯದ ವಿವರ ನನ್ನ ನೋಟುಪುಸ್ತಕದಲ್ಲಿದೆ. ಮೊದಲ ಸೆಟ್ಟು ಅಕ್ಕನಿಗೆ, ಆರು ನಾಲ್ಕು. ಎರಡನೆಯದು ಎದುರಾಳಿಗೆ, ಆರು ಮೂರು. ಪ್ರತಿ ಅಂಕವನ್ನೂ ನಾನು ಕನಾತಿನ ಕಡೆ ಮುಖ ಮಾಡಿ ಕೂಗುತ್ತಿದ್ದೆ. ಆಚೆ ಗಂಡಸರಿಗೆ ಚೆಂಡಿನ ಸದ್ದು ಮತ್ತು ನನ್ನ ಧ್ವನಿ ಇಷ್ಟೇ ಗತಿ. ನಡುವೆ ಚಪರಾಸಿ, "ಜೋರ್ ಹೇಳ್ರಿ ತಂಗಿ, ಇಲ್ಲಿ ಸಾಹೇಬ್ರು ಜಗಳ ಮಾಡಾಕತ್ತಾರ" ಎಂದು ಕೂಗಿದ. ಅಪ್ಪನ ಧ್ವನಿ ಒಮ್ಮೆಯೂ ಕೇಳಲಿಲ್ಲ.

ಮೂರನೆಯ ಸೆಟ್ಟು ಐದು ಐದು ಆಯಿತು. ಆಗ ಅಕ್ಕ ಹೊಡೆದ ಚೆಂಡೊಂದು ಹಿಂದಿನ ಮೂಲೆಯಲ್ಲಿ ಬಿದ್ದು ಥಟ್ಟನೆ ಪಕ್ಕಕ್ಕೆ ಹೊರಳಿತು. ಎದುರಾಳಿಯ ಬ್ಯಾಟು ಗಾಳಿ ಹೊಡೆಯಿತು. ಅಲ್ಲಿ ಒಂದು ಏಣು ಉಳಿದುಬಿಟ್ಟಿತ್ತು, ನನ್ನ ಕೈಯದೇ ಇರಬೇಕು. ಮೇಲ್ವಿಚಾರಕಿ ಎದ್ದು ನಿಂತು, ಈ ಅಂಕ ಮತ್ತೆ ಆಡಬಹುದು ಎಂದರು. ಅಕ್ಕ ಆಗಲಿ ಎಂದು ಚೆಂಡು ಎತ್ತಿಕೊಂಡಳು.

"ಬ್ಯಾಡ" ಎಂದಳು ಎದುರಾಳಿ, ಬೆವರು ಒರೆಸಿಕೊಳ್ಳುತ್ತ. "ಆ ಮೂಲ್ಯಾಗ ತಟ್ಟು ಹಿಡದಾಕಿ ನಾನ. ತಪ್ಪು ನಂದ, ಅಂಕ ನಿಂದ."

ಆಯಿ ನನ್ನ ತೊಡೆಗೆ ಗುದ್ದಿದಳು. "ಅದಕ್ಕ ಹಿಂದ ಬೀಳಬ್ಯಾಡ ಅಂದಿದ್ದೆ ಆಕಿಗೆ" ಎಂದಳು.

ಅಕ್ಕ ಆ ಸೆಟ್ಟನ್ನು ಏಳು ಐದರಿಂದ ಗೆದ್ದಳು. ಕೊನೆಯ ಅಂಕ ಎಡಗೈ ಕಡೆಯ ಹೊಡೆತ. ಅವಳು ಭುಜ ತಿರುಗಿಸಿದಾಗಲೇ ನನಗೆ ಗೊತ್ತಾಗಿತ್ತು. ಚೆಂಡು ಬೀಳುವ ಮೊದಲೇ ಎದ್ದು ನಿಂತಿದ್ದೆ. ಕೂಗಿದೆ. ಧ್ವನಿ ಒಡೆಯಿತು. ಕನಾತಿಗೆ ತೀರ ಹತ್ತಿರದಿಂದ ಅಪ್ಪ ಕೇಳಿದರು:

"ಇನ್ನೊಮ್ಮೆ ಹೇಳವ್ವ."

"ಏಳು ಐದು. ಅಕ್ಕಂದು."

"ನಿಮ್ಮ ಅಕ್ಕಂದ ಅಲ್ಲ?"

"ಹೌದಪ್ಪ. ಅಕ್ಕಂದ."

ಎರಡೂ ಕಡೆಯಿಂದ ಚಪ್ಪಾಳೆ ಬಿತ್ತು. ಅಕ್ಕ ಬಲೆಯ ಬಳಿ ಎದುರಾಳಿಯ ಕೈ ಹಿಡಿದಳು. ಅಲ್ಲಿಂದ ನೇರ ಆಯಿಯ ಹತ್ತಿರ ಬಂದು ಬಗ್ಗಿ ಕಾಲು ಮುಟ್ಟಿದಳು. ಆಯಿ ಹೆದರಿ ಕಾಲು ಹಿಂದೆಳೆದುಕೊಂಡು, "ಏ ಹುಚ್ಚಿ, ಮಂದಿ ನೋಡಾಕತ್ತಾರ" ಎಂದಳು. ಆ ರಾತ್ರಿ ಅವಳಿಗೆ ಜ್ವರ ಮರುಕಳಿಸಿತು. ಅಪ್ಪ ಊರಿಗೆ ಹೊರಡುವುದನ್ನು ಎರಡು ದಿನ ಮುಂದೂಡಿ, ಆಳಂದದ ದವಾಖಾನೆಯಿಂದ ಕ್ವಿನೈನ್ ತಂದು, ತಾವೇ ಅವಳ ಗುಡಿಸಲಿಗೆ ಹೋಗಿ ಕುಡಿಸಿದರು. ಮೂರನೆಯ ದಿನ ಜ್ವರ ಬಿಟ್ಟಿತು. ನೆಲೋಗಿಯವರಿಗೆ ಕಾಗದ ಬರೆದದ್ದು ಜೇವರ್ಗಿಗೆ ಬಂದ ಮೇಲೆ. ಮಗಳು ಇನ್ನೂ ಎರಡು ವರ್ಷ ಓದುತ್ತಾಳೆ, ತಾವು ಕಾಯುವುದು ಬೇಡ, ಕ್ಷಮಿಸಬೇಕು ಎಂದಿತ್ತು. ಅಂಚೆಗೆ ಹಾಕಿ ಬಂದವಳು ನಾನು. ನೆಲೋಗಿಯವರು ಸಿಟ್ಟಾಗಲಿಲ್ಲ. ಆ ಬೇಸಿಗೆಯಲ್ಲಿ ತಮ್ಮ ಹುಡುಗನ ಮದುವೆಗೆ ನಮ್ಮನ್ನು ಕರೆದರು. ಹೋಗಿ ಉಂಡು ಬಂದೆವು.

ಅಕ್ಕನ ಕಾಲೇಜಿನ ದಿನಗಳ ಉಳಿದ ಗೌರವಗಳು ಹೀಗಿವೆ. ಬಿ.ಎ. ಮೊದಲ ವರ್ಷ ತಂಡದ ನಾಯಕಿಯಾದಳು. ಕಾಲೇಜಿನ ಬಣ್ಣದ ಕೋಟು ಸಿಕ್ಕಿತು. ಜೇವರ್ಗಿಯ ಬಿಸಿಲಿನಲ್ಲಿ ಅದನ್ನು ತೊಡುವ ದಿನವೇ ಬರಲಿಲ್ಲ, ಚಳಿಗೆ ಅಜ್ಜಿ ಹೊದ್ದುಕೊಳ್ಳುತ್ತಿದ್ದಳು. ಆ ವರ್ಷದ ಫೈನಲಿನಲ್ಲಿ ಆಳಂದದವಳಿಗೆ ಸೋತಳು. ಮರುವರ್ಷ ಮತ್ತೆ ಗೆದ್ದಳು. ಇಬ್ಬರೂ ಜೋಡಿಯಾಗಿ ಆಡಿದ ಪಂದ್ಯಗಳಲ್ಲಿ, ನನಗೆ ತಿಳಿದಂತೆ, ಕಾಲೇಜಿನೊಳಗೆ ಯಾರಿಗೂ ಸೋಲಲಿಲ್ಲ. ಆಯಿ 1946ರ ಬೇಸಿಗೆಯಲ್ಲಿ ತೀರಿಕೊಂಡಳು. ನಮಗೆ ಸುದ್ದಿ ತಲುಪಿದ್ದು ಮೂರು ತಿಂಗಳ ಮೇಲೆ, ಆಳಂದದವಳು ಅಕ್ಕನಿಗೆ ಬರೆದ ಪತ್ರದಿಂದ.

ಅಕ್ಕ 1947ರಲ್ಲಿ ಬಿ.ಎ. ಮುಗಿಸಿ ಕಲಬುರ್ಗಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. 1949ರ ಜೂನ್ ತಿಂಗಳಲ್ಲಿ ಎರಡು ವರ್ಷದ ರಜೆ ಪಡೆದು ಎಂ.ಎ. ಓದಲು ಮತ್ತೆ ಹೈದರಾಬಾದಿಗೆ ಹೋದಳು. ರೈಲು ನಿಲ್ದಾಣಕ್ಕೆ ಹೋಗಿ ಗಾಡಿ ಹತ್ತಿಸಿ ಬಂದವರು ಅಪ್ಪ.